ಎಂಟಕ್ಕೆ ಒಂಬತ್ತು ಕೂಡಿಸಿದರೆ

ಹೆಡ್‌ಮಿಸ್ ಅವರಿಗೆ ನಮಸ್ಕಾರ.

ನನ್ನ ಕ್ಲಾಸಿನ ಮಕ್ಕಳೆಲ್ಲ ಪರೀಕ್ಷೆಯಲ್ಲಿ ಎಂಟಕ್ಕೆ ಒಂಬತ್ತು ಕೂಡಿಸಿ ಹದಿನೆಂಟು ಅಂತ ಬರೆದಿದ್ದಾರೆ, ಯಾಕೆ ಅಂತ ಕೇಳಿದ್ದೀರಿ. ಕಾಪಿ ಹೊಡೆದಿಲ್ಲ ಮೇಡಂ. ಆರಕ್ಕೆ ಏಳು, ಏಳಕ್ಕೆ ಎಂಟು ಎಲ್ಲ ಸರಿಯಾಗೇ ಮಾಡಿದ್ದಾರೆ, ನೋಡಿ.

ಬೆರಳು ಬಿಟ್ಟು ಮನಸ್ಸಲ್ಲೇ ಕೂಡಿಸಲಿ ಅಂತ ನಾನು ಜೋಡಿ ಲೆಕ್ಕ ಕಲಿಸ್ತೀನಿ. ಇದೊಂದನ್ನು ಮಾತ್ರ ಮಕ್ಕಳನ್ನೇ ನಿಲ್ಲಿಸಿ ಕಲಿಸಿದೆ. ಇರೋದು ಹದಿನೇಳು ಜನ. ಒಂದು ಸಾಲಲ್ಲಿ ಎಂಟು, ಇನ್ನೊಂದರಲ್ಲಿ ಒಂಬತ್ತು. ಕೈ ಕೈ ಹಿಡಿದರೆ ಎಂಟು ಜೋಡಿ, ಅಂದರೆ ಹದಿನಾರು. ಕೊನೆಗೆ ಗುಬ್ಬಿ ಒಬ್ಬಳು ಉಳಿದಳು.

"ಗುಬ್ಬಿನೂ ಸೇರಿಸಿದರೆ ಎಷ್ಟು?" ಅಂದೆ.

"ಹದಿನೆಂಟು!" ಅಂತ ಇಡೀ ಕ್ಲಾಸು ಕೂಗಿತು.

"ಅವಳು ಒಂಟಿ ಕಣ್ರೋ!" ಅಂತ ರೇಗಿದೆ.

ಗುಬ್ಬಿ ಪಕ್ಕಕ್ಕೆ ಚಾಚಿದ್ದ ತನ್ನ ಕೈ ತೋರಿಸಿ, "ಇಲ್ಲ ಮಿಸ್, ಹಿಡ್ಕೊಂಡಿದೀನಲ್ಲ" ಅಂದಳು.

ಈ ಆಟ ಸಾಕು ಅಂತ ನಿನ್ನೆ ಆ ಕೈಯನ್ನು ನಾನೇ ಹೋಗಿ ಹಿಡಿದೆ. "ಈಗ ನಾನೂ ಸೇರಿ ಹದಿನೆಂಟು, ಸರಿ ತಾನೇ?" ಅಂದೆ.

"ನೀವು ಸೇರಿದ್ರೆ ಹತ್ತೊಂಬತ್ತು ಮಿಸ್" ಅಂದಳು ಗುಬ್ಬಿ.

ಬೈಯೋಕೆ ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಇನ್ನೊಂದು ಕೈಯ ಕಿರುಬೆರಳನ್ನು ಯಾರೋ ಹಿಡಿದರು. ತಿರುಗಿದೆ. ಆ ಕಡೆ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

ದಯವಿಟ್ಟು ಮಕ್ಕಳ ಅಂಕ ಕಳೆಯಬೇಡಿ. ಇನ್ನೊಂದು ಕುರ್ಚಿ ಕಳಿಸಿಕೊಡಿ. ಇರೋದರಲ್ಲೇ ತೀರಾ ಚಿಕ್ಕದು ಕೊಡಿ. ಗೋಡೆ ಕಡೆಯ ಆ ಕೈ ಹಿಡಿದುಕೊಳ್ಳೋಕೆ ನಾನು ತುಂಬಾ ಬಗ್ಗಬೇಕಾಯಿತು.

ಇಂತಿ,
ಒಂದನೇ ಕ್ಲಾಸಿನ ಮಿಸ್