ಮಂತ್ರಾಲಯದ ಕಡೆ ಹುಡುಕಾಟ

ಬಳ್ಳಾರಿ
ಗುರುವಾರ, 13-2-2025

ನೆರೆದ ಮಹಾಜನಗಳೇ, ಕಾಣೆಯಾದವರ ಬಂಧುಗಳೇ, ಠಾಣೆಯ ಬೆಂಚು ಸವೆಸಿದ ಸಜ್ಜನರೇ, ಅಣ್ಣನೊಬ್ಬ ತಮ್ಮನಿಗೆ ಕಾಗದ ಬರೆಯುತ್ತಿದ್ದಾನೆ. ದಯವಿಟ್ಟು ಸದ್ದು ಮಾಡಬಾರದು.

ಚಿರಂಜೀವಿ ವಿಶ್ವಪ್ರಿಯನಿಗೆ ಆಶೀರ್ವಾದಗಳು.

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಬಿ.ಪಿ. ಗುಳಿಗೆ ಮನೆಯಲ್ಲೇ ಬಿಟ್ಟಿದ್ದೀ, ಫೋನೂ ಅದರ ಪಕ್ಕದಲ್ಲೇ. ನೀನು ಹೋಗಿ ಇವತ್ತಿಗೆ ಹದಿನಾಲ್ಕು ದಿನ. ಹುಡುಕುವವರಿಗೆ ಧೂಳು, ಕಾಯುವವರಿಗೆ ಗೋಳು. ಅಮ್ಮನದು ಒಂದೇ ಮಾತು: “ಅವ ಉಂಡಾನೋ ಇಲ್ಲೋ, ಅದನ್ನ ಮೊದಲ ಕೇಳ್ರೋ.”

ನಿನ್ನನ್ನು ಹುಡುಕುವ ಕೆಲಸ ಹೆಡ್ ಕಾನ್‌ಸ್ಟೇಬಲ್ ಜಡೆಪ್ಪನವರದು. ಮೊದಲು ಚಹರೆ ಬರೆದುಕೊಂಡರು: ಎಣ್ಣೆಗೆಂಪು ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು, ಕನ್ನಡ ತೆಲುಗು ಬಲ್ಲವನು. ನಿನ್ನ ಜಾತಕ ಕಳಿಸುವಾಗಲೂ ಇಷ್ಟು ವರ್ಣಿಸಿರಲಿಲ್ಲ. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಲ್ಲ. ಅಪ್ಪ ಆಸ್ಪತ್ರೆ ಸೇರಿದಾಗ, ನಿನ್ನತ್ತಿಗೆ ಮುನಿಸಿಕೊಂಡು ತವರಿಗೆ ಹೋದಾಗ, ಕೇಳಿದವರಿಗೆಲ್ಲ ಒಂದೇ ಉತ್ತರ: ಮಂತ್ರಾಲಯಕ್ಕೆ ಹೋಗಿದ್ದಾರೆ. ನೀನು ಬಾರದ ದಿನ ಅಮ್ಮನಿಗೂ ನಾನು ಅದನ್ನೇ ಹೇಳಿದೆ. ನಾಲ್ಕನೇ ದಿನ ಅಮ್ಮ ಹಟ ಹಿಡಿದು ಠಾಣೆಗೆ ಬಂದು ಅದನ್ನೇ ಬರೆಸಿದಳು. ಪಕ್ಕದಲ್ಲಿ ನಿಂತು ತಲೆಯಾಡಿಸಿದೆ.

ಜಡೆಪ್ಪನವರು ಮೂರು ದಿನ ಮಂತ್ರಾಲಯದಲ್ಲಿ ತಿರುಗಿ ಬಂದರು. “ಮಠದಾಗ ಕೇಳಿದ್ವಿ, ಛತ್ರದಾಗ ಕೇಳಿದ್ವಿ. ನಿಮ್ಮ ತಮ್ಮನ್ನ ಕ್ಯಾಮೆರಾನೂ ನೋಡಿಲ್ಲ, ಕಾಯೋ ದೇವರೂ ನೋಡಿಲ್ಲ ಸರ. ಕ್ಯಾಮೆರಾದಾಗ ಹದಿನೈದು ದಿನದ್ದಷ್ಟ ಇರ್ತೈತ್ರಿ. ಆಮ್ಯಾಲ ಅಳಿಸಿ ಹೋಗ್ತೈತಿ.” ನಿನ್ನ ಫೋನಿನ ಕರೆಗಳ ಪಟ್ಟಿ ಮುಂದಿಟ್ಟು, “ಸಿರಿಗೇರಿಗೆ ದಿನಾ ಮಾತಾಡ್ಯಾರಲ್ಲ, ಯಾರ್ರಿ ಈ ಸೌಂದರ್ಯ?” ಎಂದರು. ಜೊತೆಗೆ ಕೆಲಸ ಮಾಡುವ ಟೀಚರು, ಪಾಠದ ವಿಷಯವಿರಬೇಕು, ನಾನೇ ವಿಚಾರಿಸಿದ್ದೇನೆ ಎಂದೆ. ಅವರು ಬರೆದುಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡಿದರು.

ನಿನ್ನೆ ಕರೆಸಿ, ಸಿರುಗುಪ್ಪ ಕಡೆ ಕಾಲುವೆಯಲ್ಲಿ ಸಿಕ್ಕವನೊಬ್ಬನ ಫೋಟೋ ತೋರಿಸಿದರು. ಅವನಿಗೆ ಮೀಸೆಯಿತ್ತು. ಮೀಸೆ ಬಿಡಲಿಲ್ಲವೆಂದು ನಿನ್ನನ್ನು ಎಷ್ಟು ಹಂಗಿಸಿದ್ದೆ. ಠಾಣೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಿದ್ದೆ.

ನಿನ್ನ ಅತ್ತಿಗೆ ಭಾವನಾಳ ಹಾರೈಕೆಗಳು. ಅಮ್ಮನ ಆಶೀರ್ವಾದ, ಬೈಗುಳದ ಸಮೇತ.

ಇಂತಿ ನಿನ್ನ ಅಣ್ಣ
ಸುಶಮೀಂದ್ರ

ತಾ.ಕ.: ಇನ್ನು ಸಭೆಯೂ ಬೇಡ, ಪ್ರಾಸವೂ ಬೇಡ. ನೀನು ಮಂತ್ರಾಲಯಕ್ಕೆ ಹೋಗಲಿಲ್ಲ. ಸೌಂದರ್ಯಳನ್ನು ಮದುವೆಯಾಗುತ್ತೇನೆ ಎಂದ ನಿನ್ನನ್ನು ಕುರುಗೋಡು ಬಸ್ ಸ್ಟ್ಯಾಂಡಿನ ಮುಂದೆ ಗಾಡಿಯಿಂದ ಇಳಿಸಿ, “ಇನ್ನ ನನಗ ತಮ್ಮ ಇಲ್ಲ” ಅಂದವನು ನಾನು. ಸಿರಿಗೇರಿಯಲ್ಲಿ ಆಕೆಯ ಬಳಿ ಇರುತ್ತೀ ಎಂದುಕೊಂಡೇ ಇಷ್ಟು ದಿನ ಸುಮ್ಮನಿದ್ದೆ. ನಿನ್ನೆ ಆ ಫೋಟೋ ನೋಡಿದ ಮೇಲೆ ಆಕೆಗೆ ಫೋನು ಮಾಡಿದೆ. “ಬರ್ತೀನಂದಿದ್ರು, ಬರ್ಲೇ ಇಲ್ರಿ. ನೀವ ಮನ್ಯಾಗ ಕೂಡಿಹಾಕೀರಿ ಅನ್ಕೊಂಡಿದ್ದೆ” ಅಂದಳು. ಬಸ್ ಸ್ಟ್ಯಾಂಡಿನೆದುರಿನ ಬೇಕರಿಗೆ ಕ್ಯಾಮೆರಾ ಇದೆ. ಅದರಲ್ಲಿ ಆ ದಿನದ್ದು ಅಳಿಸಿ ಹೋಗಲು ಉಳಿದಿರುವುದು ಒಂದೇ ದಿನ. ಈ ಕಾಗದವನ್ನು ಈಗಲೇ ಜಡೆಪ್ಪನವರ ಕೈಗೆ ಕೊಡುತ್ತೇನೆ. ಯಾವ ಬಸ್ಸು ಹತ್ತಿದರು ಎಂದು ಅವರು ಕೇಳುತ್ತಾರೆ. ನನಗೆ ಗೊತ್ತಿಲ್ಲ ವಿಶ್ವಾ. ನಾನು ತಿರುಗಿ ನೋಡಲಿಲ್ಲ.