ಒಂದೇ ಮೈಕ್, ಎರಡು ಗಿಟಾರ್

ಮಾರ್ಚ್ 3, ಸಂಜೆ

ಮತ್ತೆ ಎಂಟನೇ ಹಾಡು. ಕಿಟಕಿಗೆ ಕಂಬಳಿ, ಫ್ಯಾನ್ ಬಂದ್, ಬೆವರೋ ಬೆವರು. ಅಣ್ಣ ರಾಗ ನುಡಿಸೋದು, ಪಕ್ಕದಲ್ಲಿ ನನ್ನ ರಿದಂ. ಬೊಸ್ಸಾ ನೋವಾ, ಬ್ರೆಜಿಲ್ ಕಡೆಯ ಶೈಲಿ — ಹೆಬ್ಬೆರಳು ನಿಧಾನ ನಡೀಬೇಕು, ಉಳಿದ ಬೆರಳು ಅದನ್ನ ಕೆಣಕ್ತಾ ಇರ್ಬೇಕು. ಇಬ್ಬರ ಮಧ್ಯೆ ಒಂದೇ ಮೈಕ್. ನನ್ನದೇ ಐಡಿಯಾ. ಕೇಳೋರಿಗೆ ನಮ್ಮ ಮಂಚದ ಮೇಲೇ ಕೂತ ಹಾಗಿರ್ಬೇಕು ಅಂತ. ಕೊನೆಗೂ ಹಾಡು ಸರಿಯಾಗಿ ಬಂತು! "ಆಲ್ಬಂ ಮೇಲೆ ಇಬ್ಬರ ಹೆಸರೂ ಕಣೇ" ಅಂದ ಅಣ್ಣ.

ಮಾರ್ಚ್ 19

ಮ್ಯೂಸಿಕ್ ಕಂಪನಿ ಮ್ಯಾನೇಜರ್‌ಗೆ ಹಿಡಿಸ್ತಂತೆ. ಆದ್ರೆ ಎರಡೂ ಗಿಟಾರ್ ಒಬ್ಬನೇ ನುಡಿಸಿದ್ದು ಅಂದ್ರೆ ಚೆನ್ನಾಗಿ ಓಡುತ್ತಂತೆ. ತಂಗಿ ಗಿಂಗಿ ಬೇಡವಂತೆ. ತೊಂದರೆ ಏನಪ್ಪಾ ಅಂದ್ರೆ, ನುಡಿಸುವಾಗ ನಾನು ಗುನುಗ್ತೀನಿ. ನನಗೇ ಗೊತ್ತಾಗಲ್ಲ. ಆ ಹೆಣ್ಣುದನಿ ಎಲ್ಲಾ ಹಾಡಲ್ಲೂ ಕೇಳಿಸುತ್ತೆ.

"ಅದೊಂದು ತೆಗೆದುಬಿಡೆ, ಕಂಪ್ಯೂಟರಲ್ಲಿ ಆಗುತ್ತಲ್ಲ?"

"ಒಂದೇ ಮೈಕ್ ಅಣ್ಣಾ. ನನ್ನ ತೆಗೆದ್ರೆ ನೀನೂ ಹೋಗ್ತೀಯ."

ಅಣ್ಣಂದು ಹರಳೆಣ್ಣೆ ಕುಡಿದ ಮುಖ. ಅಮ್ಮ ಮಧ್ಯೆ ಬಂದಳು — "ಹೆಸರು ಯಾರದಾದ್ರೇನು ಬಿಡೇ." ಯಾರದಾದ್ರೇನು ಅಂದ್ಮೇಲೆ ನನ್ನದೇ ಹಾಕ್ಲಿ!

ಮಾರ್ಚ್ 22

ಹೊಸದಾಗಿ ರೆಕಾರ್ಡಿಂಗ್ ಅಂತೆ, ಮುಂದಿನ ತಿಂಗಳು, ಕಂಪನಿ ಸ್ಟುಡಿಯೋದಲ್ಲಿ. ಎರಡೂ ಗಿಟಾರ್ ಅಣ್ಣ ತಾನೇ ನುಡಿಸ್ತಾನಂತೆ, ಒಂದರ ಮೇಲೊಂದು. ರಿದಂ ಹೇಳಿಕೊಡು ಅಂದ. ಹೇಳಿಕೊಟ್ಟೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಏಪ್ರಿಲ್ 11

ಅವನಿಗೆ ಬರ್ತಾ ಇಲ್ಲ. ಹೆಬ್ಬೆರಳು ಬಸ್ ಹಿಡಿಯೋಕೆ ಓಡುತ್ತೆ. ಒಳಗೊಳಗೇ ಖುಷಿ... ಸುಳ್ಳು ಯಾಕೆ.

ಊಟಕ್ಕೆ ಕೂತಾಗ ಮೆತ್ತಗೆ ಶುರು ಮಾಡಿದ: "ನಾಳೆ ಸ್ಟುಡಿಯೋದಲ್ಲಿ ನೀನೇ ನುಡಿಸಿಬಿಡೆ. ಬಾಯಿ ಮುಚ್ಕೊಂಡು. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗುತ್ತಲ್ಲ?"

"ನಿನಗೆ ಗೊತ್ತಿದ್ರೆ ಸಾಲದಾ?"

ಅಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಅಂದ್ರೆ ತೀರ್ಮಾನ ಆಯ್ತು ಅಂತ.

ಏಪ್ರಿಲ್ 12, ಬೆಳಿಗ್ಗೆ

ಬಲಗೈ ಉಗುರು ಕತ್ತರಿಸಿಕೊಂಡೆ. ಒಂದೂ ಬಿಡದೆ, ಬುಡದವರೆಗೆ. ನೈಲಾನ್ ತಂತಿಗೆ ಉಗುರೇ ದನಿ. ಪಾತ್ರೆ ಕೂಡ ಎಡಗೈಯಲ್ಲೇ ತಿಕ್ಕಿ ಕಾಪಾಡಿಕೊಂಡಿದ್ದೆ. ಮತ್ತೆ ಬೆಳೆಯೋಕೆ ತಿಂಗಳುಗಳೇ ಬೇಕು. ಅವನ ಸ್ಟುಡಿಯೋ ಇವತ್ತೇ. ಹಾಳಾಗಿ ಹೋಗ್ಲಿ.

ಗಿಟಾರ್ ಮುಟ್ಟಿ ನೋಡಿದೆ. ಥಪ್ ಥಪ್. ದನಿಯೇ ಇಲ್ಲ. ಅಳು ಬಂತು. ಅವನಿಗಾಗಿ ಅಲ್ಲ.

ಬಾಗಿಲು ತಟ್ಟುತ್ತಿದ್ದಾನೆ. "ಟ್ಯಾಕ್ಸಿ ಬಂತು, ಬಾರೇ ಪುಟ್ಟಿ." ಪುಟ್ಟಿಯಂತೆ! ಮಾತಲ್ಲಿ ಏನು ಬೆಣ್ಣೆ... ಬಂದೆ ಅಣ್ಣಾ. ಈ ಕೈ ನೋಡಿ ಅಯ್ಯೋ ಅಂತಾನಲ್ಲ, ಅದು ನನಗೋ, ಅವನ ಆಲ್ಬಮ್ಮಿಗೋ — ಅದೊಂದು ನೋಡಿಕೊಂಡು ಬಂದು ಬರೀತೀನಿ.