ಎಂಟು ಸಾವಿರ ನಂಬರಿನ ಸಾಣಿಕಲ್ಲು

ಚಪಳಗಾಂವ
೧೪ ಆಗಸ್ಟ್ ೨೦೨೫

ನನ್ನ ಮುದ್ದಿನ ಮಗಳ ಸ್ನೇಹಲಾ,

ಆರಾಮ ಇದ್ದೀ ಅಲ್ಲವಾ? ನೆಗಡಿ ಕಡಿಮಿ ಆತೇನು? ನೀರು ಕಾಸಿ ಕುಡಿ. ಇಲ್ಲಿ ನಿಮ್ಮವ್ವನ ಮೊಣಕಾಲು ನೋವು ಹಂಗ ಅದ, ಬಾಯಿ ಮಾತ್ರ ಗಟ್ಟಿ ಅದ. ಫೋನ್ ಬಿಟ್ಟು ಅಪ್ಪ ಪತ್ರ ಯಾಕ ಬರದಾನ ಅಂತೀ. ಫೋನ್ ಮಾಡಿದ್ರ ನಿಮ್ಮ ಮಾವ ಸಾತಲಿಂಗಪ್ಪನವರು ಬಾಜೂಕ ಕುಂತಿರ್ತಾರ. ಅವರಿಗೆ ಮರಾಠಿ ಅಷ್ಟ ಓದಾಕ ಬರ್ತದ. ನಿನಗ ಕನ್ನಡ ಅಕ್ಷರ ತಿದ್ದಿಸಿದಾಂವ ನಾನು. ಅದನ್ನರ ಅವರು ಕಸ್ಗೊಳ್ಳಾಕ ಆಗೂದಿಲ್ಲ.

ನಾಗರ ಪಂಚಮಿ ದಿನ ಚಾಕು ಮುಟ್ಟೂಹಂಗಿಲ್ಲ ಅಂತ ಹಿಂದಿನ ದಿನಾನ ಎಲ್ಲಾ ಹೆಚ್ಚಿ ಇಡ್ತೀವಿ. ನಿನ್ನ ಲಗ್ನ ಆಗಿ ಆರು ವರ್ಷ ಆತು, ಪ್ರತಿ ವರ್ಷ ಆ ದಿನ ಬಸ್ ಇಳಿದು ಬಂದಾಕಿ ಹಳೀ ಟವಲ್‌ನಾಗ ಸುತ್ತಿದ ನಿಮ್ಮ ಮನಿ ಚಾಕು ಮೊದಲ ನನ್ನ ಕೈಯಾಗ ಕೊಡ್ತಿದ್ದಿ, ಕೈಕಾಲು ತೊಳಿಯೂದು ಆಮ್ಯಾಲ. ನಾ ಹಿತ್ತಲ ಕಲ್ಲಿನ ಮ್ಯಾಲ ಮಸೀತಿದ್ದೆ, ನೀ ಬಾಜೂಕ ಕುಂತು ಅತ್ತೀಮನಿ ಸುದ್ದಿ ಹೇಳ್ತಿದ್ದಿ. ಈ ಸಲ ಟವಲ್ಲೂ ಇಲ್ಲ, ಚಾಕೂ ಇಲ್ಲ. "ಮಾವಾರು ಸಾವಿರ ನಂಬರಿನ ಸಾಣಿಕಲ್ಲು ತಂದಾರಪಾ, ಟಮಾಟಿ ಹಾಳಿ ಹಂಗ ತೆಳ್ಳಗ ಹೆಚ್ಚಾಕ ಬರ್ತದ, ಇನ್ನ ನಿನಗ ತ್ರಾಸ ಇಲ್ಲ" ಅಂದಿ. ತ್ರಾಸಂತ! ನಾ ಯಾವಾಗ ತ್ರಾಸ ಅಂದಿದ್ದೆ? ನೀ ಒಳಗ ನಿಮ್ಮವ್ವನ ಕೂಡ ಹರಟಿ ಹೊಡಕೋತ ಕುಂತಿ, ನಾ ಹಿತ್ತಲದಾಗ ಒಬ್ಬನ ಕುಂತೆ. ಇದು ಹೊಟ್ಟಿಕಿಚ್ಚು ಅಂತಾಳ ನಿಮ್ಮವ್ವ. ಹೌದು, ಹೊಟ್ಟಿಕಿಚ್ಚ.

ನೀ ಹೋದ ಮರುದಿನಾನ ನಿಮ್ಮೂರ ನವಿ ಪೇಠಿ ಬಜಾರಕ್ಕ ಬಂದಿದ್ದೆ, ನಿನಗ ಹೇಳಲಿಲ್ಲ. ಬೀಗರದು ಸಾವಿರ ಇದ್ರ ನನ್ನದು ಎಂಟು ಸಾವಿರ ಇರ್ಲಿ ಅಂತ ಎಲ್ಲಾಕ್ಕಿಂತ ದೊಡ್ಡ ನಂಬರಿನದ ತಗೊಂಡೆ. ಅಂಗಡಿ ಅಮೋಲ್ "ಎದಕ್ಕ ಬೇಕು ಕಾಕಾ?" ಅಂತ ಕೇಳಿದಾ. ನಲವತ್ತು ವರ್ಷ ಮಸದೀನಿ, ನನಗ ಕಲಿಸಬ್ಯಾಡ ಅಂದೆ. ನಾಕು ದಿನ ತಿಕ್ಕಿದೆ. ಚಾಕುದಾಗ ನನ್ನ ಮೀಸಿ ಕಾಣಾಕತ್ತಿದ್ವು, ಟಮಾಟಿ ಮಾತ್ರ ಪಚ್ಚಂತ ಒಡದು ಅಂಗಿ ಮ್ಯಾಲ ಬಿತ್ತು. ನಿಮ್ಮವ್ವ ಸೆರಗು ಬಾಯಿಗೆ ಹಿಡಕೊಂಡು ನಕ್ಕಳು. ಮತ್ತ ಅಮೋಲನ ಹತ್ರ ಹೋದೆ. ನಂಬರ್ ಸಣ್ಣದಿದ್ರ ಕಲ್ಲು ಒರಟು, ದೊಡ್ಡದಿದ್ರ ನುಣುಪಂತ. ಹಲ್ಲು ಬಿದ್ದ ಚಾಕೂಗ ನಾಕನೂರರದ್ದು, ದಿನದ ಧಾರಕ್ಕ ಸಾವಿರದ್ದು, ಎಂಟು ಸಾವಿರದ್ದು ಕಡೀಕ, ಬರೇ ಹೊಳಪಿಗೆ. "ಹೊಸದಾಗಿ ಕಲಿಯೋರಿಗೆ ಸಾವಿರದ್ದೊಂದ ಸಾಕು ಕಾಕಾ" ಅಂದ. ಈ ವಯಸ್ಸಿನ್ಯಾಗ ನಾ ಹೊಸಬ! ಸಿಟ್ಟು ನುಂಗಿ ಅದನ್ನ ತಂದೆ. ನೀರಾಗ ನೆನಸಿ ಮಸದ್ರ ಈಗ ನನ್ನ ಟಮಾಟಿನೂ ಹಾಳಿ ಹಂಗ ಬೀಳ್ತದ. ಬೀಗರು ಸರಿಯಾದ ಕಲ್ಲ ಆರಿಸ್ಯಾರ, ಖರೇ. ಇದನ್ನ ಅವರಿಗೆ ಹೇಳಿದ್ರ ನನ್ನ ಆಣಿ ಅದ.

ಮನ್ಯಾಗಿನ ಚಾಕು, ಕುಡುಗೋಲು, ಬಾಜೂ ಮನಿ ಪೀರಪ್ಪನ ಈಳಗಿ ಎಲ್ಲಾ ಮಸದು ಆತು. ಕಲ್ಲು ಈಗ ಸುಮ್ನ ಕುಂತದ.

ಅಳಿಯಗ ಆಶೀರ್ವಾದ. ಬೀಗರಿಗೂ ಶರಣು ಹೇಳು, ಹೇಳಲೇಬೇಕಲ್ಲ. ಸಿದ್ಧರಾಮ ನಿನ್ನ ತಣ್ಣಗ ಇಟ್ಟಿರಲಿ.

ನಿಮ್ಮ ಅಪ್ಪ,
ಅಣ್ಣಾರಾಯ

ತಾ.ಕ.: ಪೀರಪ್ಪ ಬಸ್ಸಿಗೆ ಹೊಂಟಾನ, ಅವನ ಕೈಯಾಗ ಈ ಪತ್ರ ಕೊಡಾಕತ್ತೀನಿ. ಒಂದು ಚಾಕು ಮಾವಾರ ಕೈಗೆ ಸಿಗದಂಗ ಇಟ್ಕೋ. ದಿನಾ ಅದರಲೇ ಹೆಚ್ಚು, ಮಸ್ಯಾಕ ಕೊಡಬ್ಯಾಡ. ದೀಪಾವಳಿಗೆ ಟವಲ್‌ನಾಗ ಸುತ್ತಿಕೊಂಡು ಬಾ. ಎಷ್ಟು ಮೊಂಡ ಇರ್ತದೋ ಅಷ್ಟು ಚಲೋ, ಇಬ್ಬರೂ ಭಾಳ ಹೊತ್ತು ಕುಂದರಬೇಕಾಗ್ತದ.